ಕಿಸೆರೊದ ಹೊಸ ಆವೃತ್ತಿ

ಜಿಂಜಾ ಊರಿನ ಮುಕೋಸೆಯನ್ನು ಅಲ್ಲಿಯವರು ಇಸಬಿರ್ಯೆ ಎಂದೇ ಕರೆಯುತ್ತಿದ್ದರು. ಅವಳಿ ಮಕ್ಕಳ ತಂದೆಗೆ ಅಲ್ಲಿ ಬೇರೆ ಹೆಸರು ಉಳಿಯುವುದಿಲ್ಲ. ಶಾಲೆಯಲ್ಲಿ ಗಣಿತ ಹೇಳುತ್ತಿದ್ದ. ಉಳಿದ ಹೊತ್ತೆಲ್ಲ ಕಿಸೆರೊಗೆ. ಕಿಸೆರೊ ಎಂದರೆ ಅವರ ಮಾತಿನಲ್ಲಿ ಬುಟ್ಟಿ. ರೂಬಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಡೇಟಾಬೇಸಿಗೆ ಮಾಹಿತಿ ಹಾಕಲು, ತೆಗೆಯಲು ಬಳಸುವ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು ಅದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ ಮಾತ್ರ ಅವನೊಬ್ಬನದು. ಏನು ಬದಲಾಯಿತು, ಯಾಕೆ, ಅದರಿಂದ ಯಾರ ಕೆಲಸ ಕೆಡಬಹುದು ಎಂದು ಪ್ರತಿ ಸಲ ಪುಟಗಟ್ಟಲೆ ಬರೆಯುತ್ತಿದ್ದ. ಕೊನೆಕೊನೆಗೆ ಜನ ಆ ಟಿಪ್ಪಣಿಯನ್ನು ಓದದೆಯೇ ನಂಬತೊಡಗಿದ್ದರು.

ಹೆಂಡತಿ ನಬಿರ್ಯೆ ದಾದಿಯಾಗಿದ್ದ ಚಿಕಿತ್ಸಾಲಯದ ಕಂಪ್ಯೂಟರೂ ನಡೆಯುತ್ತಿದ್ದದ್ದು ಕಿಸೆರೊ ಮೇಲೆಯೇ. ಎಚ್‌ಐವಿ ಮಾತ್ರೆಗೆ ಬರುವವರ ಹೆಸರು, ಮನೆ, ಫೋನು ಎಲ್ಲ ಅದರೊಳಗೆ. ಗಂಡನಿಗೆ ಗೊತ್ತಾಗದಂತೆ ಬರುವ ಹೆಂಗಸರಿದ್ದರು. ಪಕ್ಕದ ಬೀದಿಯ ಪಾದ್ರಿಯೂ ಇದ್ದ.

ಮುಕೋಸೆಯ ಕಣ್ಣಿಗೆ ಗ್ಲಾಕೋಮಾ ಬಂದು ನೋಟ ಕುಂದಿದ ವರ್ಷ ಎಲ್ಮರ್ ಎಂಬ ಹೆಸರಿನವನೊಬ್ಬ ತಿದ್ದುಪಡಿ ಕಳಿಸತೊಡಗಿದ. ಅವನ ಮುಖ ಯಾರೂ ನೋಡಿರಲಿಲ್ಲ. ಕೆಲಸ ಅಚ್ಚುಕಟ್ಟು, ಮಾತು ಮೃದು. ಅದೇ ಕಾಲಕ್ಕೆ ಎಲ್ಲಿಂದಲೋ ಇನ್ನಷ್ಟು ಹೊಸ ಹೆಸರುಗಳು ಹುಟ್ಟಿಕೊಂಡು, ಬಿಡುಗಡೆ ಯಾಕೆ ತಡ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು ಹಂಗಿಸತೊಡಗಿದವು.

“ಬಿಟ್ಟಿ ಉಂಡು ಉಪ್ಪು ಕಮ್ಮಿ ಅಂತಾರಲ್ರೀ ಇವರು!” ನಬಿರ್ಯೆ ನಕ್ಕಳು.

“ಎಲ್ಮರ್‌ಗೆ ಕೊಟ್ಟುಬಿಡ್ತೀನಿ.”

“ಯಾರ ಮಗ ಅವನು? ಯಾವ ಊರು?”

“ನಮ್ಮಲ್ಲಿ ಅದನ್ನೆಲ್ಲ ಕೇಳಲ್ಲ ಕಣೇ. ಕೆಲಸ ನೋಡ್ತೀವಿ ಅಷ್ಟೆ.”

“ಮಗಳನ್ನ ಕೇಳೋಕೆ ಬಂದಾಗ ಆ ಹುಡುಗನ ಅಜ್ಜಿ ಕುಲ ಯಾವ್ದು ಅಂತಾನೂ ಬಿಡದೆ ಕೇಳಿದ್ರಿ. ಇಲ್ಲಿ ನಾಚಿಕೇನಾ ಇಸಬಿರ್ಯೆ?”

ಆ ವಾರವೇ ಅಧಿಕಾರ ಎಲ್ಮರ್‌ನ ಕೈಸೇರಿತು. ಹಂಗಿಸುತ್ತಿದ್ದ ಹೆಸರುಗಳೆಲ್ಲ ಒಟ್ಟಿಗೇ ಸುಮ್ಮನಾದವು. ಅದನ್ನು ಮುಕೋಸೆ ನೆಮ್ಮದಿ ಎಂದುಕೊಂಡ.

ಮುಂದಿನ ಸೋಮವಾರ ಹೊಸ ಆವೃತ್ತಿ ಬಂತು. ಟಿಪ್ಪಣಿಯಲ್ಲಿ ಒಂದೇ ಸಾಲು: ಸಣ್ಣಪುಟ್ಟ ತಿದ್ದುಪಡಿ, ಎಲ್ಲರೂ ಹಾಕಿಕೊಳ್ಳಿ. ಕೆಳಗೆ ಮುಕೋಸೆಯ ಹೆಸರು. ಅವನು ಬರೆದದ್ದಲ್ಲ. ಬಿಡುಗಡೆಯಾದ ಕಟ್ಟನ್ನು ಬಿಚ್ಚಿ, ಎಲ್ಲರೂ ನೋಡಲೆಂದು ಇಟ್ಟಿದ್ದ ಮೂಲದ ಜೊತೆ ಹೋಲಿಸಿ, ಅಕ್ಷರ ದೊಡ್ಡದು ಮಾಡಿಕೊಂಡು ಓದಿದ. ಮೂಲದಲ್ಲಿಲ್ಲದ ಒಂದು ಫೈಲು ಕಟ್ಟಿನಲ್ಲಿತ್ತು. ಡೇಟಾಬೇಸಿನಿಂದ ಯಾರು ಏನು ತೆಗೆದರೂ ಅದರ ನಕಲನ್ನು ಅದು ಎಲ್ಲಿಗೋ ಕಳಿಸುತ್ತಿತ್ತು. ಆವೃತ್ತಿಯನ್ನು ಹಿಂತೆಗೆಯಲು ಹೋದ. ನಿಮಗೆ ಅನುಮತಿ ಇಲ್ಲ ಎಂದಿತು ಪರದೆ.

ಬಾಡಿಗೆ ಬೈಕು ಹತ್ತಿ ಚಿಕಿತ್ಸಾಲಯಕ್ಕೆ ಧಾವಿಸಿದ. ಬೆಂಚುಗಳು ಆಗಲೇ ತುಂಬಿದ್ದವು.

“ಆಫ್ ಮಾಡು! ತಂತಿ ಕೀಳು!”

“ಯಾಕ್ರೀ? ಇವತ್ತೇ ನೆಟ್ಟಗೆ ಓಡ್ತಿರೋದು. ಬೆಳಿಗ್ಗೆ ಬಂದು ನೋಡಿದ್ರೆ ತಾನೇ ಹೊಸದಾಗಿತ್ತು. ನಿಮ್ಮ ಹೆಸರೂ ಬಂತು, ಎಲ್ಲರನ್ನೂ ಕರೆದು ತೋರಿಸ್ದೆ.”

ತಂತಿಯನ್ನು ಅವನೇ ಕಿತ್ತ. “ಯಾರ್ಯಾರ ಹೆಸರು ತೆಗೆದೆ ಇವತ್ತು?”

ನಬಿರ್ಯೆ ಅವನ ಮುಖ ನೋಡಿದಳು. ದನಿ ತಗ್ಗಿತು. “ತಿಂಗಳ ವರದಿ ಕಳಿಸ್ಬೇಕಿತ್ತಲ್ಲ. ಎಲ್ಲರದ್ದೂ.”

ಬೆಂಚಿನ ತುದಿಯಲ್ಲಿದ್ದ ಹೆಂಗಸಿನ ಫೋನು ಸದ್ದು ಮಾಡಿತು. ಅವಳು ಗುರುತಿಲ್ಲದ ನಂಬರನ್ನು ಹುಬ್ಬುಗಂಟಿಕ್ಕಿ ನೋಡಿ, ಕಿವಿಗಿಟ್ಟು, ಹೌದು ನಾನೇ ಎಂದಳು. ಕೇಳಿಸಿಕೊಳ್ಳುತ್ತಲೇ ಎದ್ದು, ಮಾತ್ರೆಯ ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು.