ಯಾವ ಕಂಪ್ನಿಗೆ?

ಹೆಲೆನಾ ಪಟ್ಟಣದಲ್ಲಿ ನಮ್ಮ ಎದುರುಮನೆಯ ಓಪಲ್ ಹ್ಯಾಲ್ವರ್ಸನ್ ನೂರಾರು ಕಂಪನಿಗಳ ನೋಂದಾಯಿತ ಏಜೆಂಟ್. ಯಾವ ಕಂಪನಿಯ ಮೇಲೆ ದಾವೆ ಬಿದ್ದರೂ ಸಮನ್ಸು ಬರುವುದು ಇವಳ ಬಾಗಿಲಿಗೆ. ಕಚೇರಿ ವೇಳೆಯಲ್ಲಿ ಮನೆ ಬಿಟ್ಟು ಕದಲುವಂತಿಲ್ಲವೆಂದು ತಂಗಿಯ ಮದುವೆಯನ್ನೂ ಹಟ ಮಾಡಿ ತನ್ನ ವರಾಂಡದಲ್ಲೇ ಮಾಡಿಸಿದಳು. ಕದ ತಟ್ಟಿದರೆ ತಲೆಯ ಶಾಂಪೂ ನೊರೆಯೊಂದಿಗೇ ಓಡಿಬಂದು, "ಯಾವ ಕಂಪ್ನಿಗೆ?" ಎಂದು ಕೈಚಾಚುವಳು. ಅವಳ ಗಿಣಿ ಕಲಿತದ್ದೂ ಅದೊಂದೇ ಮಾತು. ಈಚೆಗೆ ಸಾಕೆನಿಸಿ, ಇನ್ನು ತಾನು ಯಾರ ಏಜೆಂಟೂ ಅಲ್ಲವೆಂದು ಸರ್ಕಾರಕ್ಕೆ ಬರೆದುಕೊಟ್ಟು, ಕಂಪನಿಗಳಿಗೆಲ್ಲ ತಿಳಿಸಿ, ಅದು ಜಾರಿಗೆ ಬರುವ ತಿಂಗಳ ಗಡುವು ಮುಗಿದ ಮರುದಿನ ಹಾಡಹಗಲೇ ಟೋಪಿ ಹಾಕಿಕೊಂಡು ಹೊರಟಳು. ಹೊಸ್ತಿಲಲ್ಲೇ ಸಮನ್ಸು ತರುವ ಗಾರ್ಥ್ ಎದುರಾದ, ಕೈಯಲ್ಲಿ ಹಕಲ್‌ಬೆರಿ ಹಣ್ಣು ತುಂಬಿ ಬೇಯಿಸಿದ ಬಿಸಿಬಿಸಿ ಪೈ. "ಇದು ನಿಮ್ಗೇ ಮೇಡಂ," ಎಂದ. ಓಪಲ್ ಅಭ್ಯಾಸದಂತೆ ಕೈಚಾಚಿದಳು. ಒಳಗಿಂದ ಗಿಣಿ ಕೇಳಿತು, "ಯಾವ ಕಂಪ್ನಿಗೆ?" "ನಂಗೇ ಕಣೋ," ಎಂದಳು ಓಪಲ್.