ವೆಸ್ಟಾದ ಬೆಟ್ಟ ತೋರಿಸಿದ ಟೀಚರ್

ನಮ್ಮ ವಿಜ್ಞಾನದ ಟೀಚರ ಸೀರೆಯಂಚಿಗೆ, ಉಗುರಿನ ಸಂದಿಗೆ ಯಾವಾಗಲೂ ಬೂದಿ ಹತ್ತಿರುತ್ತಿತ್ತು. ಭಾಗಮಂಡಲದಿಂದ ಬೆಳಗಿನ ಬಸ್ಸಿಗೆ ಬರುವಾಗ ಬಚ್ಚಲೊಲೆಯ ಬೂದಿಯನ್ನು ಡಬ್ಬದಲ್ಲಿ ತುಂಬಿ ತರುತ್ತಿದ್ದರು. ಉಲ್ಕೆ ಬಿದ್ದ ನೆಲ ಹೇಗಿರುತ್ತದೆಂದು ತೋರಿಸಲು ಶಾಲೆಯಂಗಳದ ಕೆಮ್ಮಣ್ಣಿನ ಮೇಲೆ ಅದನ್ನು ಹರಡಿ, ನಮ್ಮ ಕೈಯಲ್ಲಿ ಕಲ್ಲು ಎಸೆಯಿಸುತ್ತಿದ್ದರು. ಗುಂಡಿ ಬಿದ್ದು, ಅಡಿಯ ಕೆಂಪು ಮಣ್ಣು ಸುತ್ತಲೂ ಚಿಮ್ಮುತ್ತಿತ್ತು.

ಅತಿಥಿ ಶಿಕ್ಷಕಿ ಅವರು. ಪ್ರತಿ ಜೂನ್‌ನಲ್ಲೂ ಹೆಡ್‌ಮಾಸ್ಟರು ಮತ್ತೆ ಕರೆದರೆ ಮಾತ್ರ ಕೆಲಸ.

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಬಾಹ್ಯಾಕಾಶ ನೌಕೆಯೊಂದು ವೆಸ್ಟಾ ಎಂಬ ಕ್ಷುದ್ರಗ್ರಹದ ಚಿತ್ರ ಕಳಿಸಿತ್ತು. ಹೆಚ್ಚುಕಡಿಮೆ ಆ ಕ್ಷುದ್ರಗ್ರಹದಷ್ಟೇ ಅಗಲದ ಗುಂಡಿ. ಅದರ ನಡುವೆ ಎವರೆಸ್ಟಿನ ಎರಡು ಪಟ್ಟಿಗೂ ಮೀರಿದ ಬೆಟ್ಟ. ಟೀಚರು ಆ ಚಿತ್ರ ಬಂದಿದ್ದ ಪೇಪರಿನ ತುಂಡನ್ನು ಎದೆಯ ಮುಂದೆ ಹಿಡಿದು ನಿಂತರು.

"ಈ ಬೆಟ್ಟ ಮೊದಲು ಇರ್ಲಿಲ್ಲ ಮಕ್ಕಳೇ. ಪೆಟ್ಟು ತಿಂದ ನೆಲವೇ ವಾಪಸ್ ಎದ್ದದ್ದು. ಹಾಲಿಗೆ ಹನಿ ಬಿದ್ರೆ ನಡುವಲ್ಲಿ ಏಳ್ತದಲ್ಲ, ಹಾಗೆ."

"ಮಂಗಳ ಗ್ರಹದಲ್ಲಿರೋ ಆ ದೊಡ್ಡ ಬೆಟ್ಟಕ್ಕಿಂತ ದೊಡ್ಡದಾ ಟೀಚರ್?" ನಾನು ಕೇಳಿದೆ.

"ಎರಡೂ ಹತ್ತಿರ ಹತ್ತಿರ. ಯಾವ್ದು ದೊಡ್ಡದು ಅಂತ ಇನ್ನೂ ಖಚಿತ ಇಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬರಿ."

ಒಂದು ದಿನ ನಾವು ಅಂಗಳದಲ್ಲಿ ಕಲ್ಲೆಸೆಯುತ್ತಿದ್ದಾಗ ತಪಾಸಣೆಯ ಅಧಿಕಾರಿ ಬಂದರು. ಇದು ಪುಸ್ತಕದ ಎಷ್ಟನೇ ಪುಟದಲ್ಲಿದೆ ಎಂದು ಕೇಳಿದರು.

"ಪುಸ್ತಕದಲ್ಲಿಲ್ಲ ಸರ್. ಆಕಾಶದಲ್ಲುಂಟು," ಎಂದರು ಟೀಚರು, ತೀರಾ ಸಹಜವಾಗಿ. ನಾವು ನಕ್ಕೆವು. ಅಧಿಕಾರಿ ನಗಲಿಲ್ಲ.

ಮರುವಾರ ಹೆಡ್‌ಮಾಸ್ಟರು ನನ್ನನ್ನು ಕರೆದರು. ಮೇಜಿನ ಮೇಲೆ ಕಾಗದ ಸಿದ್ಧವಿತ್ತು: ಟೀಚರು ಪಾಠ ಮುಗಿಸುತ್ತಿಲ್ಲ, ಆಟವಾಡಿಸುತ್ತಾರೆ, ವಿದ್ಯಾರ್ಥಿಗಳಿಗೆ ತೊಂದರೆಯಾಗಿದೆ. "ಕ್ಲಾಸ್ ಲೀಡರ್ ನೀನು. ನೀನು ಸಹಿ ಹಾಕಿದ್ರೆ ಉಳಿದವರೂ ಹಾಕ್ತಾರೆ."

ಯಾರೂ ನನ್ನನ್ನು ಹೆದರಿಸಲಿಲ್ಲ. ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳುವ ಆಸೆ, ಅಷ್ಟೆ. ಸಹಿ ಹಾಕಿದೆ. ಜೂನ್‌ನಲ್ಲಿ ಬೇರೊಬ್ಬರು ಬಂದರು. ಪುಸ್ತಕ ಓದಿಸಿದರು, ಪ್ರಶ್ನೋತ್ತರ ಬರೆಸಿದರು.

ಟೀಚರು ಬಾಳೆಲೆ ಊರಿನ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆದರು, ಆಳುಗಳ ಹಾಜರಿ ಬರೆಯುವ ಕೆಲಸ. ಎಷ್ಟೋ ವರ್ಷಗಳ ನಂತರ ಮಡಿಕೇರಿ ಬಸ್ಸಿನಲ್ಲಿ ಸಿಕ್ಕಾಗ ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಖಾಯಂ ವಿಜ್ಞಾನ ಶಿಕ್ಷಕಿ. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

"ವೆಸ್ಟಾ ಹೇಳಿಕೊಡ್ತೀಯಾ ಮಕ್ಕಳಿಗೆ?"

"ಪೋರ್ಷನ್ ಮುಗಿಸೋಕೇ ಟೈಮಿಲ್ಲ ಟೀಚರ್."

ಅವರು ಕಿಟಕಿಯತ್ತ ತಿರುಗಿದರು. ಕಾಗದದ ವಿಷಯ ಹೇಳಿಬಿಡೋಣವೆಂದು ಇಳಿಯುವವರೆಗೂ ಅಂದುಕೊಂಡೆ. ಹೇಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮನೆಗೆ ಹೋದಾಗ ಅವರ ತಂಗಿ ನನ್ನ ಹೆಸರು ಕೇಳಿದರು.

"ಮೊದಲನೇ ಸಹಿ ನಿನ್ನದಲ್ವಾ? ಹೆಡ್‌ಮಾಸ್ಟರು ಅವತ್ತೇ ಅಕ್ಕನಿಗೆ ಕಾಗದ ತೋರಿಸಿದ್ರು."

"ಹೌದು," ಎಂದೆ.

ಅವರು ಒಳಗೆ ಹೋದರು. ಬಸ್ಸಿನಲ್ಲಿ ನನಗೆ ಜಾಗ ಬಿಟ್ಟುಕೊಡುವಾಗ ಟೀಚರಿಗೆ ಎಲ್ಲವೂ ಗೊತ್ತಿತ್ತು.