ವೀರಗಲ್ಲಿನ ಮುಂದೆ ವೈವಾ

ನಮ್ಮ ಕಾಲೇಜಿನಲ್ಲಿ ಪರೀಕ್ಷೆ ಎಂದರೆ ತೂಕದ ವ್ಯವಹಾರ. ಹುಡುಗರು ಶುರುವಿನಲ್ಲೇ ಕೈಯೆತ್ತಿ ಅಡಿಷನಲ್ ಶೀಟ್ ಕೇಳುತ್ತಾರೆ. ಪ್ರಶ್ನೆ ಹೊಯ್ಸಳರ ಮೇಲಿದ್ದು, ಓದಿಕೊಂಡು ಬಂದದ್ದು ಕದಂಬರನ್ನಾದರೆ ಏನೂ ತೊಂದರೆಯಿಲ್ಲ. ಕದಂಬರನ್ನೇ ಕೈ ಸೋಲುವವರೆಗೆ ಬರೆದು, ಕೊನೆಗೆ ‘ಹೊಯ್ಸಳರೂ ಇದೇ ರೀತಿ ಆಳಿದರು’ ಎಂದು ಮುಗಿಸುತ್ತಾರೆ. ದಾರ ಕಟ್ಟಿದ ಆ ಕಟ್ಟು ಕೈಗೆ ಭಾರವಾದಾಗ ನನಗೂ ಪಾಪ ಅನ್ನಿಸಿ ಸೊನ್ನೆ ಹಾಕಲು ಮನಸ್ಸು ಬರುವುದಿಲ್ಲ. ಸೊರಬದ ಮನೆಯಿಂದ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಶಿಕಾರಿಪುರಕ್ಕೆ ಹೋಗಿ ಇತಿಹಾಸ ಪಾಠ ಮಾಡುವ ನಾನು ಈ ಪದ್ಧತಿಗೆ ಚೆನ್ನಾಗಿ ಹೊಂದಿಕೊಂಡಿದ್ದೆ. ಅಷ್ಟರಲ್ಲಿ ಪೋಲೆಂಡಿನಿಂದ ಒಬ್ಬ ಹುಡುಗಿ ಬಂದಳು.

ಅವಳು ನಮ್ಮಲ್ಲಿಗೆ ಒಂದು ಸೆಮಿಸ್ಟರಿನ ಮಟ್ಟಿಗೆ ಬಂದ ಅತಿಥಿ ವಿದ್ಯಾರ್ಥಿನಿ. ಮೊದಲು ಮೈಸೂರಿನಲ್ಲಿ ಕನ್ನಡ ಕಲಿತಿದ್ದಳು. ಹಾಗಾಗಿ ‘ಬಸ್ಸು ತಡವಾಗಿ ಆಗಮಿಸಿತು’ ಎಂದು ರೇಡಿಯೋ ವಾರ್ತೆಯ ಧಾಟಿಯಲ್ಲಿ ಮಾತಾಡುತ್ತಿದ್ದಳು. ನಮ್ಮ ಕಡೆಯ ವೀರಗಲ್ಲುಗಳ ಮೇಲೆ ಪ್ರಾಜೆಕ್ಟು ಮಾಡಿ, ಪರೀಕ್ಷೆ ಮುಗಿಸಿ, ನಾವು ಕೊಟ್ಟ ಗ್ರೇಡನ್ನು ತನ್ನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಿತ್ತು. ಗ್ರೇಡು ಸಿಗದಿದ್ದರೆ ಇಲ್ಲಿ ಕಳೆದದ್ದೆಲ್ಲ ಲೆಕ್ಕಕ್ಕಿಲ್ಲ. ಸೆಮಿಸ್ಟರು ಮತ್ತೆ ಓದಬೇಕು, ವಿದ್ಯಾರ್ಥಿವೇತನವೂ ನಿಲ್ಲುತ್ತದೆ. ಇದನ್ನು ಅವಳು ಬಂದ ದಿನವೇ ಹೇಳಿದಳು. ನಾನು, ಅದೆಲ್ಲ ಏನೂ ಆಗುವುದಿಲ್ಲ, ನಮ್ಮಲ್ಲಿ ಯಾರನ್ನೂ ಅಷ್ಟು ಸುಲಭಕ್ಕೆ ಫೇಲು ಮಾಡುವುದಿಲ್ಲ ಎಂದು ಧೈರ್ಯ ತುಂಬಿದೆ. ಧೈರ್ಯ ಬರುವ ಬದಲು ಅವಳ ಮುಖ ಇನ್ನಷ್ಟು ಚಿಕ್ಕದಾಯಿತು.

ಮೊದಲ ಕಿರುಪರೀಕ್ಷೆಯಲ್ಲಿ ಅವಳು ಒಂದೂವರೆ ಪುಟ ಬರೆದು ಪೆನ್ನು ಮುಚ್ಚಿಟ್ಟು ಕೂತಳು. ಮೈ ಹುಷಾರಿಲ್ಲವೇನೋ ಎಂದು ಪಕ್ಕದ ಹುಡುಗಿ ನೀರಿನ ಬಾಟಲಿ ಕೊಟ್ಟಳು. ಉತ್ತರ ಸರಿಯಾಗಿಯೇ ಇತ್ತು, ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ. ಮರುದಿನ ಸ್ಟಾಫ್ ರೂಮಿಗೆ ಬಂದು, ಉಳಿದ ಎರಡು ಅಂಕ ಎಲ್ಲಿ ಹೋದವು ಎಂದು ಬಹಳ ವಿನಯದಿಂದ ಕೇಳಿದಳು. ನನ್ನ ಸರ್ವಿಸಿನಲ್ಲಿ ಅಂಕ ಜಾಸ್ತಿ ಮಾಡಿ ಎಂದು ಅತ್ತವರಿದ್ದಾರೆ, ಅಪ್ಪನನ್ನು ಕರೆತಂದವರಿದ್ದಾರೆ. ಯಾಕೆ ಹೋಯಿತು ಎಂದು ಕೇಳಿದವರು ಯಾರೂ ಇರಲಿಲ್ಲ. ಪೂರ್ತಿ ಅಂಕ ಕೊಡುವ ರೂಢಿ ನಮ್ಮಲ್ಲಿಲ್ಲ, ಆ ಎರಡು ದೇವರಿಗೆ ಎಂದು ನಕ್ಕು ತೇಲಿಸಿದೆ. ಯಾವ ದೇವರಿಗೆ ಎಂದು ಕೇಳಿದಳು, ನೋಟ್ಸ್ ಮಾಡಿಕೊಳ್ಳಲು ಸಿದ್ಧಳಾಗಿ. ನನಗೆ ಸಿಟ್ಟೇ ಬಂತು. ಉತ್ತರ ಗೊತ್ತಿಲ್ಲದಾಗ ನನಗೆ ಬರುವ ಸಿಟ್ಟು ಅದು.

ಅಲ್ಲಿಗೆ ಮುಗಿಯಲಿಲ್ಲ. ಅವಳ ವಿಶ್ವವಿದ್ಯಾಲಯದವರು ಇನ್ನೆರಡು ಷರತ್ತು ಹಾಕಿದ್ದರು. ಪ್ರಾಜೆಕ್ಟಿನ ವೈವಾ, ಅಂದರೆ ಬಾಯಿಪರೀಕ್ಷೆಯನ್ನು, ಬೇರೆ ಕಾಲೇಜಿನವರೇ ಮಾಡಬೇಕು. ಮತ್ತು ಕೊಟ್ಟ ಗ್ರೇಡಿಗೆ ಕಾರಣ ಬರೆಯಬೇಕು. ಕಾರಣ ಎಂಬ ಪದ ಕೇಳಿ ನಮ್ಮ ಇಡೀ ವಿಭಾಗ ಒಂದು ವಾರ ಚಹಾ ಕುಡಿಯುತ್ತ ಯೋಚನೆ ಮಾಡಿತು.

ವೈವಾದಲ್ಲಿ ನಮ್ಮ ರೂಢಿಯೇ ಬೇರೆ. ಪರೀಕ್ಷಕರು ವಿದ್ಯಾರ್ಥಿಯನ್ನು ಪ್ರಶ್ನೆ ಕೇಳುತ್ತಾರೆ, ವಿದ್ಯಾರ್ಥಿ ಪರೀಕ್ಷಕರ ಬೆನ್ನ ಹಿಂದೆ ನಿಂತ ನನ್ನ ಮುಖ ನೋಡುತ್ತಾನೆ. ನಾನು ಸೀರೆಯ ಸೆರಗು ಸರಿಮಾಡಿಕೊಂಡರೆ ಹೌದು, ಕೆಮ್ಮಿದರೆ ಅಲ್ಲ. ಶತಮಾನ ಇದ್ದರೆ ಬೆರಳು ತೋರಿಸುವುದು. ಚಾಲುಕ್ಯರ ಕಾಲಕ್ಕೆ ಕೈಬೆರಳು ಸಾಲದೆ ಒದ್ದಾಡಿದ್ದೂ ಉಂಟು. ಇವೆಲ್ಲಕ್ಕಿಂತ ದೊಡ್ಡ ಪಾಠವೊಂದನ್ನು ನಾನು ಪ್ರತಿ ವರ್ಷ ಹೇಳಿಕೊಡುತ್ತೇನೆ. ಏನು ಬೇಕಾದರೂ ಹೇಳಿ, ಗೊತ್ತಿಲ್ಲ ಎಂದು ಮಾತ್ರ ಹೇಳಬೇಡಿ. ಗೊತ್ತಿಲ್ಲ ಅಂದವನ ಕಥೆ ಅಲ್ಲಿಗೇ ಮುಗಿಯಿತು.

ಅವಳಿಗೂ ಇದನ್ನೇ ಹೇಳಿದೆ. ತಮ್ಮ ಕಡೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರೆ ಫೇಲು ಮಾಡುತ್ತಾರೆ ಎಂದಳು. ನೀನೀಗ ಇರುವುದು ನಮ್ಮ ಕಡೆ ತಾಯಿ ಎಂದೆ.

ಅವಳು ಉಳಿದುಕೊಂಡಿದ್ದು ಬಳ್ಳಿಗಾವಿಯ ಒಬ್ಬ ರೈತರ ಮನೆಯಲ್ಲಿ. ಎಪ್ಪತ್ತು ದಾಟಿದ, ಹಣೆ ತುಂಬ ವಿಭೂತಿ ಇಡುವ, ಜೋರು ದನಿಯ ಅಜ್ಜ. ಸೊಸೆ ಬಿಸಿ ರೊಟ್ಟಿ ಬಡಿಯುತ್ತಿದ್ದರೆ ಇವರು ಹುಡುಗಿಯ ತಟ್ಟೆಯ ಪಕ್ಕ ಕೂತು ವೀರಗಲ್ಲಿನ ಕಥೆ ಬಡಿಯುತ್ತಿದ್ದರು. ಅವರ ಹೊಲದ ಬದುವಿನ ಮೇಲೆ ಎದೆಮಟ್ಟದ ಒಂದು ವೀರಗಲ್ಲಿದೆ. ಅದರಲ್ಲಿರುವ ವೀರ ತಮ್ಮ ಮನೆತನದ ಮುತ್ತಜ್ಜನ ಮುತ್ತಜ್ಜ, ಊರಿನ ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರನ್ನು ಅಟ್ಟಿ ಪ್ರಾಣ ಬಿಟ್ಟವನು ಎಂಬುದು ಅಜ್ಜನ ಮಾತು. ತೊಡಕೆಂದರೆ, ಬದುವಿನ ಆಚೆಯ ಹೊಲ ಅವರ ದಾಯಾದಿ ತಮ್ಮನದು. ಆ ಮನೆಯವರ ಪ್ರಕಾರ ವೀರ ಅವರವನು. ದಾಯಾದಿಗಳೆಂದ ಮೇಲೆ ಅಷ್ಟು ಹಿಂದಿನ ಮುತ್ತಜ್ಜ ಇಬ್ಬರಿಗೂ ಒಬ್ಬನೇ ಇರಬೇಕಲ್ಲ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಬದು ಯಾರದೆಂದು ಸರ್ವೆಯವರು ಬಂದು ಅಳೆದು ಹೋದರೂ ತೀರ್ಮಾನವಾಗಿರಲಿಲ್ಲ, ಅಣ್ಣತಮ್ಮಂದಿರಿಗೆ ಮಾತು ಬಿಟ್ಟಿತ್ತು. ಅಮಾವಾಸ್ಯೆಗೆ ಇವರು ಬೆಳಿಗ್ಗೆ ಕಲ್ಲಿಗೆ ಪೂಜೆ ಮಾಡಿದರೆ ಅವರು ಮಧ್ಯಾಹ್ನ ಮಾಡುತ್ತಿದ್ದರು. ಇವರು ಇಟ್ಟ ವಿಭೂತಿ, ಎಣ್ಣೆ ಎಲ್ಲವನ್ನೂ ಅವರು ತೆಂಗಿನ ನಾರಿನಿಂದ ಗಸಗಸ ಉಜ್ಜಿ ತೊಳೆದು ತಮ್ಮದನ್ನು ಇಡುವುದು. ಮುಂದಿನ ಅಮಾವಾಸ್ಯೆಗೆ ಅದನ್ನು ಇವರು ಉಜ್ಜುವುದು. ಭಕ್ತಿಯಲ್ಲಿ ಯಾರೂ ಹಿಂದೆ ಬೀಳುತ್ತಿರಲಿಲ್ಲ.

ಹುಡುಗಿ ಫೇಲಾದರೆ ಏನಾಗುತ್ತದೆಂಬುದು ಅಜ್ಜನಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿದ್ದು ಫೇಲಾಗಿ ಹೋದಳೆಂದರೆ ನಾನು ತಲೆಯೆತ್ತಿ ತಿರುಗುವುದು ಹೇಗೆ ಎಂದು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದ್ದರು. ಆಚೆ ಮನೆಯ ತಮ್ಮನೂ ಸುಮ್ಮನಿರಲಿಲ್ಲ. ಅವಳು ಕುಬಟೂರಿನ ಕಲ್ಲುಗಳನ್ನು ನೋಡಿ ಬಸ್ಸಿಳಿದು ಬರುವಾಗ ದಾರಿಯಲ್ಲಿ ನಿಲ್ಲಿಸಿ, ಪಾಸಾಗಬೇಕಿದ್ದರೆ ಸರಿಯಾದ ಉತ್ತರ ಇದು ಎಂದು ತಮ್ಮ ಮನೆಯ ಕಥೆ ಹೇಳಿ ಕಳಿಸುತ್ತಿದ್ದರಂತೆ. ಅವಳು ಇಬ್ಬರದನ್ನೂ ಶ್ರದ್ಧೆಯಿಂದ ಕೇಳಿಕೊಳ್ಳುತ್ತಿದ್ದಳು.

ಪರೀಕ್ಷಕರಾಗಿ ಬಂದವರು ಸೊರಬದವರೇ, ನಿವೃತ್ತಿಗೆ ಹತ್ತಿರವಿದ್ದ ಪ್ರಾಧ್ಯಾಪಕರು. ನಿಯಮ ಅಂದರೆ ನಿಯಮ ಎನ್ನುವ ಮನುಷ್ಯ. ಅವರ ಕಾರಿನಲ್ಲೇ ನಾನೂ ಹೊರಟೆ. ಕೋಣೆಯಲ್ಲಿ ಫೋಟೋ ನೋಡಿ ಅಂಕ ಕೊಡುವವನು ನಾನಲ್ಲ, ಕಲ್ಲಿನ ಮುಂದೆಯೇ ವೈವಾ ಆಗಬೇಕು ಎಂದು ದಾರಿಯಲ್ಲಿ ಹೇಳಿದರು. ಹೊಲದ ಬಯಲಿನಲ್ಲಿ ಅವರ ಬೆನ್ನ ಹಿಂದೆ ನಿಂತು ಸೆರಗು ಸರಿಮಾಡಿಕೊಂಡರೆ ಕಾಣುತ್ತದೆಯೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಹೋಗಿ ನೋಡಿದರೆ ಬದುವಿನ ಮೇಲೆ ಜನ. ಮೆಕ್ಕೆಜೋಳ ಮುರಿದು ಹೊಲ ಖಾಲಿಯಾಗಿತ್ತು, ಯಾರಿಗೂ ಕೆಲಸವಿರಲಿಲ್ಲ. ಅಜ್ಜ ಕಲ್ಲಿನ ಈಚೆ, ತಮ್ಮ ಆಚೆ. ಪರೀಕ್ಷಕರಿಗೆಂದು ಎರಡು ಕುರ್ಚಿ ಬಂದಿದ್ದವು, ಒಂದೊಂದು ಮನೆಯಿಂದ ಒಂದೊಂದು. ಪರೀಕ್ಷಕರು ಯಾವುದರಲ್ಲೂ ಕೂರದೆ, ಹೊರಗಿನವರು ಉತ್ತರ ಹೇಳಿಕೊಟ್ಟರೆ ಅದನ್ನು ಮಾಲ್‌ಪ್ರಾಕ್ಟೀಸ್ ಎಂದು ಬರೆದು ಪರೀಕ್ಷೆಯನ್ನೇ ರದ್ದು ಮಾಡುತ್ತೇನೆ ಎಂದು ಗಟ್ಟಿಯಾಗಿ ಸಾರಿದರು. ಹೊಲದ ಯಜಮಾನರು ದಯವಿಟ್ಟು ಜನರನ್ನು ಕಳಿಸಬೇಕು, ಈ ಜಾಗ ಯಾರದು ಎಂದೂ ಕೇಳಿದರು.

ಕೇಳಬಾರದಿತ್ತು. “ನಂದು” ಎಂದು ಎರಡೂ ಕಡೆಯಿಂದ ಒಟ್ಟಿಗೆ ಬಂತು. ಅಲ್ಲಿಂದ ಪಹಣಿ, ಸರ್ವೆ ನಂಬರು, ಅಜ್ಜಿಯ ಕಾಲದ ಹಿಸ್ಸೆ, ಎಲ್ಲ ಎದ್ದು ಬಂದವು. ಪರೀಕ್ಷಾ ಕೊಠಡಿಯೇ ವ್ಯಾಜ್ಯದಲ್ಲಿದ್ದರೆ ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಕೊನೆಗೆ ಇಬ್ಬರೂ ಇರಲಿ, ಬಾಯಿ ಮಾತ್ರ ತೆಗೆಯಬಾರದು ಎಂಬಲ್ಲಿಗೆ ರಾಜಿಯಾಯಿತು. ಉಳಿದವರು ನಾಲ್ಕು ಹೆಜ್ಜೆ ಹಿಂದೆ ಸರಿದು ಅಷ್ಟೇ ಜೋರಾಗಿ ನೋಡತೊಡಗಿದರು.

ಹುಡುಗಿ ಚೆನ್ನಾಗಿಯೇ ಶುರುಮಾಡಿದಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ದನಗಳ ಮುಖ ಯಾವ ಕಡೆಗಿದೆ, ವೀರನ ಕೈಯಲ್ಲಿ ಏನಿದೆ, ಎಲ್ಲ ಹೇಳಿದಳು. ಅಜ್ಜ ತುಟಿ ಬಿಗಿಹಿಡಿದು ತಲೆಯಾಡಿಸುತ್ತಿದ್ದರು. ಆಮೇಲೆ ಪರೀಕ್ಷಕರು ಕೇಳಿದರು.

“ಈ ವೀರ ಯಾರಮ್ಮಾ?”

ಅಜ್ಜ ಅವಳನ್ನೇ ನೋಡಿದರು. ತಮ್ಮ ಅವಳನ್ನೇ ನೋಡಿದರು. ನಾನು ಯಾವ ಬೆರಳು ತೋರಿಸಲಿ?

“ಗೊತ್ತಿಲ್ಲ,” ಎಂದಳು.

ಹಿಂದಿನ ಸಾಲಿನಿಂದ ಅಯ್ಯೋ ಎಂಬ ದನಿ ಬಂತು. ಪರೀಕ್ಷಕರು, ಯಾಕೆ ಗೊತ್ತಿಲ್ಲ, ಇಷ್ಟು ತಿಂಗಳು ಇಲ್ಲೇ ಇದ್ದೆಯಲ್ಲ ಎಂದರು. ಅವಳು ಎರಡನೆಯ ಪಟ್ಟಿಯ ಕೆಳಗೆ, ಕನ್ನಡಿಯ ಹಾಗೆ ನುಣುಪಾಗಿದ್ದ ಜಾಗದ ಮೇಲೆ ಬೆರಳಿಟ್ಟಳು.

“ಹೆಸರು ಇಲ್ಲಿ ಇತ್ತು, ಸರ್. ಎರಡು ಮನೆಯವರೂ ಪ್ರೀತಿಯಿಂದ ಉಜ್ಜಿ ಉಜ್ಜಿ ಅಳಿಸಿದ್ದಾರೆ.”

ನನಗೆ ಅಲ್ಲೇ ಹೊಲದಲ್ಲಿ ಎಲ್ಲಾದರೂ ಬಿಲ ಸಿಕ್ಕರೆ ಸಾಕು ಅನ್ನಿಸಿತು. ಅನ್ನ ಹಾಕಿದ ಮನೆಯವರ ಎದುರಿಗೆ, ಕೊನೆಯ ವಾರದಲ್ಲಿ, ಇಂಥ ಮಾತು. ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ ಕಲ್ಲಿನ ಕಡೆ ಬಗ್ಗಿ ನೋಡಿದರು. ಪರೀಕ್ಷಕರು ಇನ್ನೆರಡು ಪ್ರಶ್ನೆ ಕೇಳಿ, ಮುಗಿಯಿತು ಎಂದು ಕಾರಿಗೆ ಹೋಗಿ ಕೂತು ಬರೆಯತೊಡಗಿದರು. ಹುಡುಗಿ ಕಲ್ಲಿನ ಬಳಿಯೇ ನಿಂತು ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಬೈಯಬೇಕೆಂದು ಹತ್ತಿರ ಹೋದರೆ ಅವಳ ಕಣ್ಣು ಒದ್ದೆಯಾಗಿತ್ತು. ಅಜ್ಜನಿಗೆ ನೋವಾಗಿರಬೇಕಲ್ಲವೇ ಎಂದಷ್ಟೇ ಕೇಳಿದಳು.

ಅಷ್ಟರಲ್ಲಿ ಅಜ್ಜ ಕಾರಿನ ಬಾಗಿಲ ಹತ್ತಿರ ಹೋಗಿಯಾಗಿತ್ತು. ಟವೆಲ್ಲನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದಿದ್ದರು. ಅವರು ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಜಗಳಕ್ಕೇ ಹೋದರೆಂದು ನಾನು ಹಿಂದೆಯೇ ಓಡಿದೆ. ತಮ್ಮನೂ ಬಂದರು.

“ಸಾಹೇಬ್ರೇ, ಹುಡುಗಿದು ತಪ್ಪಿಲ್ರೀ,” ಎಂದರು ಅಜ್ಜ. “ಆಕಿಗೆ ಗೊತ್ತೈತಿ. ನಮ್ಮ ಮನಿ ರೊಟ್ಟಿ ತಿಂದಾಳ, ನನ್ನ ಮುಂದ ಅವರ ಹೆಸರು ಹೆಂಗ ಹೇಳ್ತಾಳ? ನನ್ನ ಮುಖ ನೋಡಿ ಗೊತ್ತಿಲ್ಲ ಅಂದಾಳ. ಆ ವೀರ ನಮ್ಮೋನಲ್ಲ. ತಮ್ಮನ ಮನಿಯೋನೇ ಅಂತ ಆಕಿನೇ ಹೇಳಿದ್ಲು ಅಂತ ಬರ್ಕಳ್ರಿ. ಮಾರ್ಕ್ಸ್ ಕೊಡ್ರಿ.”

ಇಷ್ಟು ವರ್ಷ ಮಕ್ಕಳ ಅಂಕಕ್ಕಾಗಿ ಕೈಮುಗಿದ ಅಪ್ಪಂದಿರನ್ನು ನೋಡಿದ್ದೇನೆ, ಅಂಕಕ್ಕಾಗಿ ಪೂರ್ವಜರನ್ನೇ ಬಿಟ್ಟುಕೊಟ್ಟವರನ್ನು ನೋಡಿರಲಿಲ್ಲ. ಅದೂ ಪೋಲೆಂಡಿನ ಹುಡುಗಿಯ ಅಂಕಕ್ಕಾಗಿ. ತಮ್ಮನಂತೂ ಜೋರಾಗಿ ತಳ್ಳುತ್ತಿದ್ದ ಬಾಗಿಲು ಒಳಗಿನಿಂದ ತೆರೆದುಕೊಂಡವರ ಹಾಗೆ ಮುಗ್ಗರಿಸಿ ನಿಂತಿದ್ದರು. ಗೆದ್ದ ಕಳೆ ಅವರ ಮುಖದಲ್ಲಿ ಇರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅಣ್ಣನ ಕಡೆ ತಿರುಗಿ ಮಾತಾಡಿದರು.

“ಅಷ್ಟು ಸಲೀಸಾ ಬಿಟ್ಟುಬಿಡ್ತೀಯೇನೋ ಯಣ್ಣಾ?”

“ಅವ ಸತ್ತು ಎಷ್ಟೋ ಕಾಲ ಆತು,” ಎಂದರು ಅಜ್ಜ. “ಈಕಿ ಪರೀಕ್ಷೆ ಇವತ್ತು.”

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿ ಕಾರಿನಿಂದ ಇಳಿದರು. ಫಲಿತಾಂಶವನ್ನು ಬಾಯಿಬಿಟ್ಟು ಹೇಳುವಂತಿಲ್ಲ ಎಂಬ ನಿಯಮ ನನಗೂ ಗೊತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಮ್ಮೆ ನನ್ನ ಮುಖ ನೋಡಿ, ಆಮೇಲೆ ಅಜ್ಜನ ಕೈಯಲ್ಲಿದ್ದ ಟವೆಲ್ಲನ್ನು ತೆಗೆದು ಅವರ ಹೆಗಲ ಮೇಲೆ ಹಾಕಿದರು. ಅಂಕ ಆಗಲೇ ಹಾಕಿಯಾಗಿದೆ, ನೀವು ಬರುವ ಮೊದಲೇ, ಕಾರಣವನ್ನೂ ಬರೆದಿದ್ದೇನೆ ಎಂದರು. ಕಾಣದ್ದನ್ನು ಕಂಡೆ ಎನ್ನದೆ, ಯಾಕೆ ಕಾಣುವುದಿಲ್ಲ ಎಂದು ಹೇಳಿದವಳು ಅವರ ಅಷ್ಟು ವರ್ಷದ ಪರೀಕ್ಷೆಗಳಲ್ಲಿ ಇವಳೊಬ್ಬಳೇ ಅಂತೆ. ಆ ಗೊತ್ತಿಲ್ಲ ಎಂಬ ಉತ್ತರಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ ಬಿದ್ದಿತ್ತು. ಅವಳು ಪಾಸು, ಚೆನ್ನಾಗಿಯೇ ಪಾಸು.

ಹುಡುಗಿ ಓಡಿ ಬಂದು ಅಜ್ಜನ ಕೈ ಹಿಡಿದುಕೊಂಡಳು. ಅಜ್ಜನಿಗೆ ಮೊದಲು ನಂಬಿಕೆ ಬರಲಿಲ್ಲ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಅವಳ ತಲೆ ಸವರಿದರು. ಆಮೇಲೆ ನಿಧಾನಕ್ಕೆ ಬದುವಿನ ಕಡೆ ತಿರುಗಿ ಕಲ್ಲನ್ನು ನೋಡಿದರು, ಪಕ್ಕದಲ್ಲಿದ್ದ ತಮ್ಮನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಮೊದ್ಲೇ ಪಾಸಾಗಿದ್ಲು ಅಂದ್ರ ಒಂದು ಮಾತು ಹೇಳಬಾರ್ದೇನ್ರೀ ಮೇಡಂ?” ಎಂದರು. “ಸುಮ್ನ ಒಬ್ಬ ಮುತ್ತಜ್ಜನ್ನ ಕಳ್ಕಂಡೆ.”